ಒಂದು ಟಗರು, ಎರಡು ಬಿರಡೆ

ಅಕ್ತೆಪೆ ಊರಿನಲ್ಲಿ ದಲ್ಲಾಳಿ ಹಯಿತ್‌ನ ಮುಖ ಗೊತ್ತಿಲ್ಲದವರು ಇರಬಹುದು, ಬಲಗೈ ಗೊತ್ತಿಲ್ಲದವರಿಲ್ಲ. ಭಾನುವಾರದ ಕುರಿಸಂತೆಯಲ್ಲಿ ಮಾರುವವನ ಕೈಯನ್ನು ಕೊಳ್ಳುವವನ ಕೈಯಲ್ಲಿ ಇಟ್ಟು, ಎರಡರ ಮೇಲೂ ತನ್ನದನ್ನು ಬಿಗಿದು, ನೀರಿನ ಪಂಪು ಹೊಡೆದ ಹಾಗೆ ಮೇಲೆ ಕೆಳಗೆ ಕುಲುಕುವುದು ಅವನ ಕಸುಬು. ಒಬ್ಬ ಇಳಿಯಬೇಕು, ಇನ್ನೊಬ್ಬ ಏರಬೇಕು. ಅಲ್ಲಿಯವರೆಗೆ ಕುಲುಕಾಟ ನಿಲ್ಲದು. ಬೆಲೆ ಕೂಡಿದ ಗಳಿಗೆಗೆ ಹಯಿತ್ “ಬರಕಾ!”, ಅಂದರೆ ಒಳ್ಳೆಯದಾಗಲಿ, ಎಂದು ಕೂಗುತ್ತಾನೆ, ಇಬ್ಬರೂ “ಬರಕಾ!” ಎಂದು ಮರುಕೂಗುತ್ತಾರೆ, ಆಗಲೇ ಕೈಗಳಿಗೆ ಬಿಡುಗಡೆ. ಅದಕ್ಕೆ ಮೊದಲು ಕೈ ಬಿಟ್ಟವನು ಮಾತಿಗೆ ತಪ್ಪಿದವನು. ಅಂಥವನಿಗೆ ಆ ಸಂತೆಯಲ್ಲಿ ಮೂರು ತಲೆಮಾರು ಕುರಿ ಹಾಗಿರಲಿ, ಕುರಿಯ ಹಿಕ್ಕೆಯನ್ನೂ ಯಾರೂ ಮಾರುವುದಿಲ್ಲ. ಮೂವತ್ತು ವರ್ಷಗಳಲ್ಲಿ ಹಯಿತ್ ಹಿಡಿದ ಜೋಡಿ ಕೈ ಒಂದೂ ಬರಕಾ ಇಲ್ಲದೆ ಬೇರೆಯಾಗಿರಲಿಲ್ಲ.

ಬಾಯಿಯೂ ಕೈಗೆ ತಕ್ಕದ್ದೇ. ಕೊಳ್ಳುವವನ ಮುಂದೆ ಮಾರುವವನ ದನಿಯಲ್ಲಿ ಅಳುವನು, ಮಾರುವವನ ಮುಂದೆ ಕೊಳ್ಳುವವನ ದನಿಯಲ್ಲಿ ಕೆಮ್ಮುವನು, ನಡುವೆ ಬಿಡುವಾದರೆ ಕುರಿಯ ಪರವಾಗಿಯೂ ನಾಲ್ಕು ಮಾತು ಆಡುವನು. ಒಮ್ಮೆ ಅವನು ಮೇಕೆಯ ದನಿ ತೆಗೆದದ್ದಕ್ಕೆ ಯಾರದೋ ಹೋತವೊಂದು ಎರಡು ವಾರ ಅವನ ಮನೆಯ ಸುತ್ತ ಆಸೆಯಿಂದ ಸುತ್ತಿತ್ತು.

ಇಂಥ ಹಯಿತ್‌ನ ಮನೆಗೆ ಒಂದು ಗುರುವಾರ ಮಗಳು ಮುಷ್ತರಿ ನಾಲ್ಕು ತಿಂಗಳ ಕೂಸನ್ನು ಎತ್ತಿಕೊಂಡು, ಬಟ್ಟೆಯ ಗಂಟು ಹೊತ್ತುಕೊಂಡು, ಮುನಿಸಿಕೊಂಡು ಬಂದಳು.

“ಏನಾಯ್ತಮ್ಮ?”

“ಏನಿಲ್ಲಪ್ಪ. ನಿಮ್ಮ ಅಳಿಯ ಒಂದು ಟಗರು ತಗೊಂಡು ಕಿವಿಗೆ ಹಾಕ್ಕೊಂಡಿದಾನೆ.”

ಹಯಿತ್ ಟಗರನ್ನು ಗಾಡಿಗೆ ಹಾಕಿದವರನ್ನು ಕಂಡಿದ್ದ, ಹೆಗಲಿಗೆ ಹಾಕಿದವರನ್ನು ಕಂಡಿದ್ದ. ಕೂತು ವಿಚಾರಿಸಿದ. ಕೂಸಿನ ತೊಟ್ಟಿಲ ಹಬ್ಬಕ್ಕೆ ಟಗರು ಕಡಿಯಬೇಕಿತ್ತು. ಅದಕ್ಕೆಂದು ಕೂಡಿಟ್ಟ ಮೂವತ್ತೈದು ಲಕ್ಷ ಸೂಮ್ ಹಿಡಿದು ಅಳಿಯ ಎಲ್ಯೋರ್ ಪಟ್ಟಣಕ್ಕೆ ಹೋದವನು, ಟಗರಿನ ಬದಲು ಹಿಡಿಯಲ್ಲಿ ಅಡಗುವ ಒಂದು ಬಿಳಿ ಡಬ್ಬಿ ತಂದ. ಡಬ್ಬಿಯೊಳಗೆ ಎರಡು ಇಯರ್‌ಬಡ್. ವೈರಿಲ್ಲ, ಬಾಲವಿಲ್ಲ. ಕಿವಿಗೆ ತುರುಕಿಕೊಂಡರೆ ಸೀಸೆಗೆ ಬಿರಡೆ ಹಾಕಿದ ಹಾಗೆ, ಹೊರಗಿನ ಲೋಕ ಹೊರಗೆ.

ಎಲ್ಯೋರ್‌ನ ಕಷ್ಟವೂ ಸಣ್ಣದಲ್ಲ. ಅವನು ರೊಟ್ಟಿ ಅಂಗಡಿಯಲ್ಲಿ ರಾತ್ರಿಯೆಲ್ಲ ತಂದೂರಿನ ಮುಂದೆ ಬೇಯುವವನು. ಅವನ ಅಪ್ಪ ಕೊಚ್ಕಾರ್, ಹೆಸರಿನ ಅರ್ಥವೇ ಟಗರು, ಮದುವೆಗಳಲ್ಲಿ ಕರ್ನಾಯ್ ಊದುವವನು. ಆಳಿಗಿಂತ ಉದ್ದದ ಹಿತ್ತಾಳೆ ಕಹಳೆ ಅದು. ಕರ್ಣಕ್ಕೂ ಕರ್ನಾಯ್‌ಗೂ ಹುಟ್ಟಿನಿಂದ ಹಗೆ. ಬೆಳಿಗ್ಗೆ ಏಳು ಎಂದರೆ ಮಗನಿಗೆ ಮಲಗುವ ಹೊತ್ತು, ಅಪ್ಪನಿಗೆ ಏಳು ಎಂದರೆ ಏಳು: ಅಂಗಳಕ್ಕೆ ಬಂದು ಆಕಾಶಕ್ಕೆ ಕಹಳೆಯೆತ್ತಿ ಒಂದು ಗಂಟೆ ಸಾಧನೆ.

“ಮಗು ಅತ್ರೂ ಕೇಳಲ್ಲ ಅವನಿಗೆ,” ಎಂದಳು ಮುಷ್ತರಿ. ಬೆರಳೆರಡು ಎತ್ತಿ ಅಪ್ಪನ ಮೂಗಿನ ಹತ್ತಿರ ಹಿಡಿದಳು. “ಎರಡು ಇದಾವಪ್ಪ ಆ ಡಬ್ಬೀಲಿ. ಎರಡು!”

ಹಯಿತ್ ಮನಸ್ಸಿನಲ್ಲೇ ಭಾಗಿಸಿದ. “ಅಂದ್ರೆ ಒಂದಕ್ಕೆ ಅರ್ಧ ಟಗರು.”

ಮಗಳು ಅವನನ್ನು, ಗಿರಾಕಿಯು ಹಲ್ಲುದುರಿದ ಕುರಿಯನ್ನು ನೋಡುವ ಹಾಗೆ ನೋಡಿ ಒಳಗೆ ಹೋದಳು.

ಮುನಿದು ಬಂದ ಹೆಣ್ಣು ತಾನಾಗಿ ಹಿಂದಿರುಗುವ ಹಾಗಿಲ್ಲ, ಗಂಡನ ಕಡೆಯವರು ಬಂದು ಕರೆಯಬೇಕು. ಗಂಡನ ಕಡೆಯವರು ತಪ್ಪು ಯಾರದೆಂದು ತೀರ್ಮಾನವಾಗದೆ ಬರುವ ಹಾಗಿಲ್ಲ. ಈ ನಡುವೆ ಕೂಸು ನಿದ್ದೆ ಮಾಡಲಿಲ್ಲ. ಗುರುವಾರ ಅತ್ತಿತು, ಶುಕ್ರವಾರ ಅತ್ತಿತು. ಹಯಿತ್‌ನ ಹೆಂಡತಿ ಅನಾರ್‌ಖಾನ್ ತೂಗಿದಳು, ಹಾಡಿದಳು, ಮನೆಯಲ್ಲಿ ಯಾರೂ ಸದ್ದು ಮಾಡಬಾರದೆಂದು ಕೋಳಿಗಳನ್ನೂ ಪಕ್ಕದ ಮನೆಗೆ ಕಳಿಸಿದಳು. ಮನೆ ಎಷ್ಟು ತಣ್ಣಗಾಯಿತೋ ಕೂಸು ಅಷ್ಟು ಜೋರಾಯಿತು.

ಶನಿವಾರ ಚಾಯ್‌ಖಾನೆಯಲ್ಲಿ ಕೊಚ್ಕಾರ್ ಸಿಕ್ಕ. ಎದೆ ಪೀಪಾಯಿ, ಕೆನ್ನೆ ಎರಡು ಕಲ್ಲಂಗಡಿ.

“ಬನ್ನಿ ಬೀಗರೇ.”

“ಬಂದೆ ಬೀಗರೇ.”

ಅಷ್ಟು ಹೇಳಿ ಬೀಗರಿಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ಒಂದು ಕೆಟಲ್ ಹಸಿರು ಚಹಾ ಮುಗಿಸಿದರು. ಎರಡನೆಯ ಕೆಟಲ್‌ಗೆ ಕೊಚ್ಕಾರ್ ಸಿಡಿದ.

“ಟಗರು ಹೋದ್ರೆ ಹೋಗ್ಲಿ ಬೀಗರೇ! ನನ್ನ ಹೊಟ್ಟೇಲಿ ಹುಟ್ಟಿದ ಮಗ—”

“ನಿಮ್ಮ ಹೊಟ್ಟೇಲಲ್ಲ, ಬೀಗಿತಿಯವರ ಹೊಟ್ಟೇಲಿ.”

“ನನ್ನ ಹೊಟ್ಟೇಲೇ! ಕರ್ನಾಯ್ ಊದೋದು ಹೊಟ್ಟೆಯಿಂದ. ಆ ಉಸಿರಿನ ದುಡಿಮೇಲೇ ಬೆಳೆದ ಅವನು. ಈಗ ನನ್ನ ಉಸಿರು ಕೇಳಬಾರದು ಅಂತ ಒಂದು ಟಗರು ಖರ್ಚು ಮಾಡಿದಾನೆ. ಮೂರು ಜಿಲ್ಲೇಲಿ ಊದಿದೀನಿ. ಕಿವಿ ಮುಚ್ಕೊಂಡವನು ಒಬ್ಬ ಇಲ್ಲ!”

ಮುಚ್ಚಿಕೊಂಡವರು ಬೇಕಾದಷ್ಟಿದ್ದರು. ಊದುವಾಗ ಕೊಚ್ಕಾರ್ ಕಣ್ಣು ಮುಚ್ಚುತ್ತಿದ್ದ, ಅಷ್ಟೇ. ಹಯಿತ್ ಇನ್ನೊಂದು ಬಟ್ಟಲು ಚಹಾ ಬಗ್ಗಿಸಿದ.

“ಸರಿ, ಈಗೇನು ಮಾಡೋಣ?”

“ನಾಳೆ ಸಂತೆಗೆ ತರಲಿ ಆ ಬಿರಡೆಗಳನ್ನ. ಅವುಗಳಿಗೆ ಒಂದು ಟಗರು ಕೊಡ್ತೀನಿ ಅನ್ನೋ ಒಬ್ಬ ಗಂಡಸು ಸಿಕ್ಕಲಿ, ಟಗರಿನ ಬೆಲೆ ಇದೆ ಅಂತ ಒಪ್ತೀನಿ. ನಾನೇ ನಿಮ್ಮ ಮನೆ ಬಾಗಿಲಿಗೆ ಬಂದು ಸೊಸೇನ ಕರ್ಕೊಂಡು ಹೋಗ್ತೀನಿ. ಸಿಗದಿದ್ರೆ ಎರಡನ್ನೂ ಕರ್ನಾಯ್ ಒಳಗೆ ಹಾಕಿ, ಒಂದೇ ಊದಿಗೆ ಬೆಟ್ಟದಾಚೆ ಕಿರ್ಗೀಜರ ದೇಶಕ್ಕೆ ಕಳಿಸ್ತೀನಿ. ಆಮೇಲೆ ಅವನು ದುಡಿದು ಟಗರು ತರೋವರೆಗೆ ಸೊಸೆ ನಿಮ್ಮಲ್ಲೇ ಇರಲಿ.”

“ಯಾವಾಗ ತಂದಾನು?”

“ಅವನ ರೊಟ್ಟಿ ಸಂಬಳದಲ್ಲಿ ಕುರ್ಬಾನ್ ಹಬ್ಬಕ್ಕೆ.”

“ಈ ವರ್ಷದ್ದಾ?”

“ಮುಂದಿನದ್ದು.”

ಹಯಿತ್‌ಗೆ ಕೂಸಿನ ದನಿ ಅಲ್ಲಿಗೂ ಕೇಳಿಸಿದ ಹಾಗಾಯಿತು. ಮುಂದಿನ ವರ್ಷದ ಕುರ್ಬಾನ್‌ವರೆಗೆ ಅತ್ತೀತು, ಮಗಳು ಅದಕ್ಕಿಂತ ಹೆಚ್ಚು ಕಾಲ ಅಳದೆ ಮುನಿದು ಕೂತಾಳು. ಆ ಎರಡನೆಯದೇ ಅವನಿಗೆ ಹೆದರಿಕೆ.

“ದಲ್ಲಾಳಿ ಯಾರು?” ಎಂದ.

“ನೀವೇ. ಇನ್ಯಾರಿಗೆ ಆ ಕೈ ಇದೆ?”

ಭಾನುವಾರ ಸಂತೆಯ ಗೇಟಿನಲ್ಲೇ ಮೊದಲ ತೊಡಕು. ಗೇಟು ಕಾಯುವ ನಿಶಾನ್ ಎಂಬವನು, ಚೀಟಿ ಹರಿಯದೆ ಯಾವ ಮಾಲನ್ನೂ ಒಳಗೆ ಬಿಡುವವನಲ್ಲ. ಎಲ್ಯೋರ್ ಹುಬ್ಬಿನಲ್ಲಿ ಹಿಟ್ಟು, ಕಣ್ಣಿನಲ್ಲಿ ನಿದ್ದೆ ಇಟ್ಟುಕೊಂಡು ಡಬ್ಬಿ ತೋರಿಸಿದ.

“ಮಾರೋಕಾ?”

“ಹೌದು ಆಕಾ,” ಎಂದ ಎಲ್ಯೋರ್. ಅಣ್ಣನಿಗೆ ಅಲ್ಲಿ ಆಕಾ ಎನ್ನುತ್ತಾರೆ.

“ಎಷ್ಟು ತಲೆ?”

“ತಲೆ ಇಲ್ಲ ಆಕಾ. ತಲೆಗೆ ಹಾಕೋದು.”

“ಮುಚ್ಚಳ ತೆಗಿ.” ನಿಶಾನ್ ಒಳಗೆ ಇಣುಕಿ ಬೆರಳಿಟ್ಟು ಎಣಿಸಿದ. “ಎರಡು. ಸಣ್ಣ ಜಾನುವಾರು ಎರಡು, ಬಣ್ಣ ಬಿಳಿ. ಹಗ್ಗ ಎಲ್ಲಿ? ಹಗ್ಗ ಇಲ್ದೆ ಒಳಗೆ ಬಿಡಲ್ಲ, ತಪ್ಪಿಸ್ಕೊಂಡ್ರೆ ನನ್ನ ತಲೆಗೆ ಬರುತ್ತೆ.”

ಕೊಚ್ಕಾರ್ ತನ್ನ ಚಪಾನ್ ನಿಲುವಂಗಿಯ ನಡುಕಟ್ಟು ಬಿಚ್ಚಿಕೊಟ್ಟ. ಡಬ್ಬಿಗೆ ಅದನ್ನು ಕಟ್ಟಿ ಎಲ್ಯೋರ್ ಒಳಗೆ ನಡೆದ. ಹಿಂದೆ ಕೊಚ್ಕಾರ್, ಹೆಗಲ ಮೇಲೆ ಕರ್ನಾಯ್, ಬಿರಡೆಗಳನ್ನು ಗಡಿಪಾರು ಮಾಡಲು ಸಿದ್ಧ.

ಹಯಿತ್ ಡಬ್ಬಿಯನ್ನು ತನ್ನ ಜಾಗದಲ್ಲಿ, ಎರಡು ಕುರಿಸಾಲುಗಳ ನಡುವೆ ನೆಲದ ಮೇಲೆ ಇಡಿಸಿದ. ಸುತ್ತ ಜನ ಸೇರಿದರು. ಮಾಲು ಹೊಸದು, ಕ್ರಮ ಹಳೆಯದೇ. ಅವನಿಗೆ ಬೇರೆ ಕ್ರಮ ಗೊತ್ತಿರಲಿಲ್ಲ.

“ವಯಸ್ಸು?”

“ಎರಡು ವಾರ, ಮಾವ.”

“ಹಲ್ಲು?”

“ಬಂದಿಲ್ಲ.”

“ತೂಕ?”

“ಒಂದೊಂದು ಐದು ಗ್ರಾಮು.”

“ಚರ್ಮ ಸುಲಿಯೋಕೆ ಮುಂಚೆನಾ, ಆಮೇಲಾ?”

ಜನ ನಕ್ಕರು. ಹಯಿತ್ ನಗಲಿಲ್ಲ.

“ಮೇವು?”

“ಕರೆಂಟು. ಆರು ಗಂಟೆ ದುಡಿದ ಮೇಲೆ ಈ ಡಬ್ಬಿಗೆ ಹಾಕಿದ್ರೆ ತಾನೇ ತಿನ್ನುತ್ತೆ.”

“ಕೊಟ್ಟಿಗೆ ಜತೆಗೇ ಬರುತ್ತೆ ಅನ್ನು. ರೋಗ ರುಜಿನ?”

“ಒಂದು ವರ್ಷ ಗ್ಯಾರಂಟಿ ಇದೆ ಮಾವ. ಕೆಟ್ರೆ ಬೇರೆ ಕೊಡ್ತಾರೆ.”

ಸುತ್ತಲಿನವರು ಇನ್ನೂ ಹತ್ತಿರ ಬಂದರು. ಸತ್ತರೆ ಬೇರೆ ಕೊಡುತ್ತೇನೆ ಎಂದು ಹೇಳಿ ಕುರಿ ಮಾರಿದವನು ಆ ಸಂತೆಯ ಚರಿತ್ರೆಯಲ್ಲೇ ಇರಲಿಲ್ಲ. ಆದರೆ ಕಬಾಬಿನ ಅಂಗಡಿಯ ಬುರ್ಖಾನ್, ಕೊಳ್ಳುವುದರಲ್ಲಿ ಜಿಗುಟು, ತಿನಿಸುವುದರಲ್ಲೂ ಜಿಗುಟು ಮಾಂಸ, ಮುಂದೆ ಬಂದು ಕೊಂಕು ತೆಗೆದ.

“ಅಯ್ಯೋ, ಇದೇ ಥರದ್ದು ಬಸ್ ಸ್ಟ್ಯಾಂಡ್ ಹತ್ರ ಎಂಬತ್ತು ಸಾವಿರಕ್ಕೆ ಸಿಗುತ್ತೆ ಹಯಿತ್ ಆಕಾ. ನಾನೇ ತಗೊಂಡಿದೀನಿ.”

“ಹೇಗಿದೆ?”

ಬುರ್ಖಾನ್ ಟೋಪಿ ಸರಿಮಾಡಿಕೊಂಡ. “ಹಾಡು ಕೇಳಲ್ಲ. ಹೆಂಡತಿ ಕೇಳ್ತಾಳೆ.”

“ಇದರಲ್ಲಿ?” ಹಯಿತ್ ಅಳಿಯನ ಕಡೆ ತಿರುಗಿದ. “ಇದು ಮಾಡೋದಾದ್ರೂ ಏನಯ್ಯ? ಹತ್ತಿ ತುರುಕಿದ್ರೆ ಆಗಲ್ವಾ?”

“ಹತ್ತಿ ಬರೀ ಅಡ್ಡ ನಿಲ್ಲುತ್ತೆ ಮಾವ. ಇದು ಹೊರಗಿನ ಸದ್ದು ಕೇಳಿಸ್ಕೊಂಡು, ಅದಕ್ಕೆ ಎದುರಾಗಿ ಒಳಗಿಂದ ಅಷ್ಟೇ ಸದ್ದು ಬಿಡುತ್ತೆ. ಎರಡೂ ಡಿಕ್ಕಿ ಹೊಡೆದು ಅಲ್ಲೇ ಸಾಯ್ತವೆ.”

“ಟಗರು ಕಾಳಗ!”

“ಹೂಂ... ಹಾಗೇ ಅನ್ನಿ.”

“ಹಾಗೆ ಹೇಳಪ್ಪ ಮೊದಲೇ!” ಹಯಿತ್‌ಗೆ ಮಾಲು ಈಗ ಅರ್ಥವಾಯಿತು. ತೋಳು ಮಡಿಸಿದ. “ಬನ್ನಿ ಬನ್ನಿ! ಕಿವಿಗೊಂದು ಟಗರು! ಮೇವು ಬೇಡ, ಮೇಯಿಸೋದು ಬೇಡ, ಬಂದ ಸದ್ದಿಗೆಲ್ಲ ಗುಮ್ಮುತ್ತೆ! ಅತ್ತೆ ಬಂದ್ರೆ ಗುಮ್ಮುತ್ತೆ!” ಅತ್ತೆಯ ದನಿ ತೆಗೆದ, ಗುಮ್ಮಿಸಿಕೊಂಡ ಅತ್ತೆಯ ದನಿಯನ್ನೂ ತೆಗೆದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾರೂ ಟಗರು ತರಲಿಲ್ಲ. ಕೊಚ್ಕಾರ್ ಕರ್ನಾಯ್‌ನ ಬಾಯಿ ಒರೆಸತೊಡಗಿದ.

ಆಗ ಹಯಿತ್‌ನ ಕಣ್ಣು ತೊಖ್ತಾಸಿನ್ ಮೇಲೆ ಬಿತ್ತು. ಬೆಟ್ಟದ ಕುರಿಗಾಹಿ. ಒಂಬತ್ತು ಮಕ್ಕಳಾದ ಮೇಲೆ ಹುಟ್ಟಿದ ಅವನಿಗೆ ತಾಯಿ ತಂದೆ ‘ನಿಲ್ಲಲಿ’ ಎಂಬ ಅರ್ಥದ ಈ ಹೆಸರಿಟ್ಟಿದ್ದರು. ನಿಲ್ಲಲಿಲ್ಲ, ಅವನ ಹಿಂದೆ ಇನ್ನೂ ನಾಲ್ಕು. ದಿಂಬಿನಂಥ ಬಾಲದ ಎರಡು ಟಗರು ಹಿಡಿದುಕೊಂಡು ಬೆಳಗಿನಿಂದ ನಿಂತಿದ್ದ. ಒಂದಕ್ಕೆ ಬುರ್ಖಾನ್ ಜತೆ ಜಗಳ: ಇವನದು ನಲವತ್ತು ಲಕ್ಷ, ಅವನದು ಮೂವತ್ತಮೂರು, ನಡುವೆ ಇಬ್ಬರ ಅಜ್ಜಂದಿರವರೆಗೂ ಬೈಗುಳ.

“ಬಾರಯ್ಯ ತೊಖ್ತಾಸಿನ್, ಒಂದು ಸಲ ಹಾಕ್ಕೊಂಡು ನೋಡು. ಪುಕ್ಕಟೆ.”

“ಕಚ್ಚಲ್ಲ ತಾನೇ?”

“ಹಲ್ಲೇ ಇಲ್ಲ ಅಂದೆನಲ್ಲ.”

ಎಲ್ಯೋರ್ ಎರಡನ್ನೂ ಅವನ ಕಿವಿಗೆ ಕೂರಿಸಿದ. ಆ ಗಳಿಗೆಗೆ, ಜನ್ಮದಲ್ಲಿ ಮೊದಲ ಸಲ, ತೊಖ್ತಾಸಿನ್‌ನ ಹೆಸರಿನ ಪ್ರಕಾರ ಎಲ್ಲವೂ ನಿಂತಿತು. ಎರಡು ಸಾವಿರ ಕುರಿಗಳ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ವ್ಯಾನುಗಳು ಹಾರ್ನಿಲ್ಲದೆ ಮುಂದೆ ಬಂದವು. ಬುರ್ಖಾನ್ ಮೀನಿನ ಹಾಗೆ ಬಾಯಿ ಆಡಿಸುತ್ತಿದ್ದ. ತೊಖ್ತಾಸಿನ್‌ನ ಬಿಸಿಲಿಗೆ ಸುಟ್ಟ ಮುಖದಲ್ಲಿ, ಆಗಷ್ಟೇ ಎದೆಹಾಲು ಕುಡಿದ ಕೂಸಿನ ಮುಗುಳುನಗೆ ಬಂದು ಕೂತಿತು.

“ಮೂವತ್ತನಾಲ್ಕು ಕೊಡ್ತೀನಿ,” ಎಂದ ಬುರ್ಖಾನ್.

ಮುಗುಳುನಗೆ.

“ಮೂವತ್ತೈದು. ...ನೋಡ್ರಪ್ಪ, ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ. ಮೂವತ್ತೇಳು!”

ಮುಗುಳುನಗೆ ಕಿವಿಯವರೆಗೆ ಹರಡಿತು.

ಚೌಕಾಸಿ ಎಂಬುದು ಇಬ್ಬರು ಕೂಗಾಡುವ ಆಟ. ಎದುರಿನವನು ಕೂಗಲೇ ಇಲ್ಲವೆಂದರೆ ಅವನ ಹಿಂದೆ ಏನೋ ಇದೆ ಎಂದೇ ಅರ್ಥ: ಇನ್ನೊಬ್ಬ ಗಿರಾಕಿ, ದೊಡ್ಡ ಹೋಟೆಲು, ಮಂತ್ರಿಯ ಮನೆಯ ಮದುವೆ. ಬುರ್ಖಾನ್ ಬೆವರಿದ. ನಲವತ್ತಕ್ಕೆ ಏರಿದ. ನಲವತ್ತು ಕೇಳಿದವನು ನಲವತ್ತಕ್ಕೂ ತಲೆ ಹಾಕದ್ದನ್ನು ಕಂಡು ನಲವತ್ತೆರಡಕ್ಕೆ ಏರಿದ. ಹಯಿತ್ ಸಮಯ ಕಂಡು ಇಬ್ಬರ ಬಲಗೈ ಸೇರಿಸಿ ಕುಲುಕಿದ. “ಬರಕಾ!”

“ಬರಕಾ!” ಎಂದ ಬುರ್ಖಾನ್.

ತೊಖ್ತಾಸಿನ್ ನಗುತ್ತ ಕುಲುಕುತ್ತಲೇ ಇದ್ದ. ಬುರ್ಖಾನ್ ಏರುತ್ತಲೇ ಹೋದ: ನಲವತ್ತಮೂರು, ನಲವತ್ತನಾಲ್ಕು.

“ಇದು ಮೋಸ!” ಬುರ್ಖಾನ್ ಅರಚಿದ. “ಅವನ ಕಿವೀಲಿ ಇರೋದು ನನಗೂ ಬೇಕು. ಸಮಕ್ಕೆ ಸಮ!”

ಸುತ್ತ ನಿಂತವರಿಗೂ ನ್ಯಾಯವೆನಿಸಿತು. ಎರಡಿವೆ, ಇಬ್ಬರಿದ್ದಾರೆ. ಹಯಿತ್ ಕುಲುಕು ನಿಲ್ಲಿಸದೆ, ಎಡಗೈಯಲ್ಲಿ ತೊಖ್ತಾಸಿನ್‌ನ ಒಂದು ಕಿವಿಯ ಬಿರಡೆ ಕಿತ್ತು ಬುರ್ಖಾನ್‌ನ ಕಿವಿಗೆ ಇಟ್ಟ. ನಿಶ್ಶಬ್ದದ ರುಚಿ ಹತ್ತಿದ ತೊಖ್ತಾಸಿನ್ ಬರಿದಾದ ಕಿವಿಗೆ ತಟ್ಟನೆ ತನ್ನ ಎಡಗೈಯ ತೋರುಬೆರಳು ತುರುಕಿಕೊಂಡ. ಅವನು ಮಾಡಿದ್ದನ್ನು ನೋಡಿ ಬುರ್ಖಾನ್ ಕೂಡ ಹಾಗೇ ಮಾಡಿದ.

ಸಂತೆ ಅಂಥದ್ದನ್ನು ಕಂಡಿರಲಿಲ್ಲ. ಇಬ್ಬರು ಗಂಡಸರು, ಒಂದೊಂದು ಕಿವಿಯಲ್ಲಿ ಬಿರಡೆ, ಇನ್ನೊಂದರಲ್ಲಿ ಬೆರಳು, ಬಲಗೈಗಳು ಒಂದರಲ್ಲೊಂದು, ಮೇಲೆ ಕೆಳಗೆ, ಮೇಲೆ ಕೆಳಗೆ. ನಡುವೆ ಹಯಿತ್. “ಬರಕಾ!” ಎಂದ, ಕೇಳಲಿಲ್ಲ. ಪೊಲೀಸಿನ ದನಿ ತೆಗೆದ. ಬುರ್ಖಾನ್‌ನ ಹೆಂಡತಿಯ ದನಿ ತೆಗೆದ. ಸುತ್ತಲಿನ ನಾಲ್ವರು ಹೆದರಿದರು, ಬುರ್ಖಾನ್ ಹೆದರಲಿಲ್ಲ. ಮೇಕೆಯ ದನಿ ತೆಗೆದ. ದೂರದಲ್ಲಿ ಒಂದು ಹೋತ ತಲೆಯೆತ್ತಿತು. ಮೂವತ್ತು ವರ್ಷ ಸಾಕಿದ ಬಾಯಿ ಮೂರು ಕಾಸಿಗೆ ಬರಲಿಲ್ಲ.

ಬರಕಾ ಕೇಳದೆ ಅವರು ಕೈ ಬಿಡುವ ಹಾಗಿಲ್ಲ, ಅವರು ಬಿಡದೆ ಇವನು ಬಿಡುವ ಹಾಗಿಲ್ಲ. ಜನ ಹೋಗಿ ಸಮೋಸಾ ತಿಂದು ಬಂದರು, ಮೂವರೂ ಕುಲುಕುತ್ತಿದ್ದರು. ನಿಶಾನ್ ಬಂದು ನಿಂತ ಜಾಗಕ್ಕೆ ಇನ್ನೊಂದು ಚೀಟಿ ಹರಿದ. ಹಯಿತ್‌ನ ಭುಜ ಮೊದಲು ಉರಿಯಿತು, ಆಮೇಲೆ ಮರಗಟ್ಟಿತು, ಆಮೇಲೆ ಅದು ತನ್ನದೇ ಎಂಬುದೂ ಮರೆಯಿತು. ಮಾಡಲು ಬೇರೇನೂ ಇಲ್ಲದೆ ಅವನು ಆ ಇಬ್ಬರ ಮುಖ ನೋಡತೊಡಗಿದ.

ಬೆಳಗಿನಿಂದ ಒಬ್ಬರ ಅಜ್ಜನನ್ನು ಇನ್ನೊಬ್ಬರು ಗೋರಿಯಿಂದ ಎಬ್ಬಿಸುತ್ತಿದ್ದವರು. ಈಗ ಒಬ್ಬರ ಕಣ್ಣಲ್ಲಿ ಒಬ್ಬರು ಕಣ್ಣಿಟ್ಟು, ಜೋಕಾಲಿಯ ಮೇಲಿನ ಮಕ್ಕಳ ಹಾಗೆ ನಗುತ್ತಿದ್ದರು. ಒಂದು ಅವನಿಗೆ, ಒಂದು ಇವನಿಗೆ.

*ಎರಡು ಇದಾವಪ್ಪ ಆ ಡಬ್ಬೀಲಿ. ಎರಡು!*

ಹಯಿತ್‌ನ ಬಾಯಿ ತೆರೆದೇ ಉಳಿಯಿತು. ಮಗಳು ಬೆಲೆ ಹೇಳಿರಲಿಲ್ಲ. ಆ ಅಂಗಳದ ಪಕ್ಕದಲ್ಲೇ ಅವಳೂ ಮಲಗುವುದು, ಆ ಕರ್ನಾಯ್‌ಗೇ ಅವಳೂ ಎಚ್ಚರಾಗುವುದು. ಎರಡು ಬಿರಡೆ ತಂದವನು ಎರಡನ್ನೂ ತನ್ನದೇ ಎರಡು ಕಿವಿಗೆ ಹಾಕಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದ್ದ.

“ಬೀಗರೇ!” ಹಯಿತ್ ಕೂಗಿದ. “ಊದ್ರೀ!”

ಕೊಚ್ಕಾರ್ ಇದಕ್ಕೇ ಕಾದಿದ್ದ. ಕರ್ನಾಯ್‌ನ ಬಾಯಿಯನ್ನು ಇಬ್ಬರ ತಲೆಯ ಪಕ್ಕಕ್ಕೇ ತಂದು, ಕಣ್ಣು ಮುಚ್ಚಿ, ಹೊಟ್ಟೆಯೊಳಗಿಂದ ಊದಿದ. ಎರಡು ಸಾವಿರ ಕುರಿ ಒಟ್ಟಿಗೆ ಕೂತವು. ನಿಶಾನ್‌ನ ಚೀಟಿಗಳು ಹಾರಿದವು. ಚಹಾದ ಬಟ್ಟಲುಗಳಲ್ಲಿ ಅಲೆ ಎದ್ದಿತು. ಇಬ್ಬರು ಕುಲುಕುತ್ತಿದ್ದರು, ನಗುತ್ತಿದ್ದರು, ರೆಪ್ಪೆ ಸಹ ಮಿಟುಕಿಸಲಿಲ್ಲ. ಕೊಚ್ಕಾರ್ ಬೀಟ್‌ರೂಟ್ ಬಣ್ಣಕ್ಕೆ ತಿರುಗಿ ಎರಡನೆಯ ಸಲ ಊದಿದ. ಮೂರನೆಯದಕ್ಕೆ ಬುರ್ಖಾನ್‌ನ ತಲೆಯ ದೊಪ್ಪಿ ಟೋಪಿ ಎದ್ದು ಹಾರಿತು, ತೊಖ್ತಾಸಿನ್‌ನ ಒಂದು ಟಗರು ಹಗ್ಗ ಸಮೇತ ಓಡಿತು.

“ಗಾಳಿ ಎದ್ದಂಗಿದೆ,” ಎನ್ನುತ್ತ ಬುರ್ಖಾನ್ ಟೋಪಿ ಹಿಡಿಯಲು ಕಿವಿಯಿಂದ ಬೆರಳು ತೆಗೆದ. ತೊಖ್ತಾಸಿನ್ ಹಗ್ಗ ಹಿಡಿಯಲು ಬೆರಳು ತೆಗೆದ.

“ಬರಕಾ!” ಹಯಿತ್ ಇಡೀ ಶ್ವಾಸ ಹಾಕಿ ಕೂಗಿದ.

“ಬರಕಾ!” ಎಂದರು ಇಬ್ಬರೂ, ಅಭ್ಯಾಸಬಲದಿಂದ. ಕೈ ಬಿಟ್ಟಿತು. ಎಷ್ಟಕ್ಕೆ ಬರಕಾ ಆಯಿತೆಂದು ಇಬ್ಬರಿಗೂ ಗೊತ್ತಿರಲಿಲ್ಲ. ನಲವತ್ತು ಎಂದು ಜನರೇ ತೀರ್ಮಾನಿಸಿದರು. ಎಲ್ಯೋರ್ ಇಬ್ಬರ ಕಿವಿಯಿಂದಲೂ ಬಿರಡೆ ಬಿಡಿಸಿ ಡಬ್ಬಿಗೆ ಹಾಕಿದ.

ತೊಖ್ತಾಸಿನ್ ಟಗರು ಹಿಡಿದು ತಂದವನೇ, ಅದರ ಹಗ್ಗವನ್ನು ಎಲ್ಯೋರ್‌ನ ಎದೆಗೆ ನೂಕಿದ. “ತಗೋ ತಮ್ಮ, ಈ ಎರಡನೆಯದು ನಿಂದು. ಬಿರಡೆ ನಂಗೆ. ನಾವು ಹದಿನಾಲ್ಕು ಮಕ್ಕಳು ಒಂದೇ ಗುಡಾರದಲ್ಲಿ ಬೆಳೆದವರು. ಇಂಥದ್ದೊಂದು ಲೋಕ ಇದೆ ಅಂತ ಯಾರೂ ನಂಗೆ ಹೇಳಿರಲಿಲ್ಲ.”

ಟಗರಿನ ಬೆಲೆ ಇದೆ ಎಂದಾಯಿತು. ಜನ ಕೊಚ್ಕಾರ್‌ನ ಕಡೆ ನೋಡಿದರು. ಅವನು ಕರ್ನಾಯ್ ಊರಿಕೊಂಡು ನಿಂತಿದ್ದ, ಗಾಳಿ ಬಿಟ್ಟ ಚರ್ಮದ ಚೀಲದ ಹಾಗೆ.

“ಕೇಳಿಸ್ಲಿಲ್ಲ ಅವರಿಗೆ,” ಎಂದ. “ಮೂರು ಸಲ ಊದಿದೆ ಬೀಗರೇ. ಗಾಳಿ ಅಂದ.”

ಹಯಿತ್ ಹತ್ತಿರ ಹೋದ. “ಬೀಗರೇ, ಸ್ವಲ್ಪ ಯೋಚನೆ ಮಾಡಿ. ಸೊಳ್ಳೆ ಸದ್ದು ತಡೀಬೇಕಾದ್ರೆ ಏನು ಬೇಕು?”

“ಪರದೆ.”

“ನಾಯಿ ಸದ್ದಿಗೆ?”

“ಒಂದು ಕಲ್ಲು.”

“ನಿಮ್ಮ ಊದು ತಡೀಬೇಕಾದ್ರೆ?”

ಕೊಚ್ಕಾರ್ ಟಗರನ್ನು ನೋಡಿದ. ಅದರ ದಿಂಬಿನಂಥ ಬಾಲವನ್ನು ನೋಡಿದ. ಎದೆಗೆ ನಿಧಾನವಾಗಿ ಗಾಳಿ ತುಂಬತೊಡಗಿತು. “ಒಂದು ಟಗರು,” ಎಂದ.

“ಈ ಕಣಿವೇಲಿ ಟಗರು ಕೊಟ್ಟು ತಡೀಬೇಕಾದ ಉಸಿರು ಇನ್ಯಾರಿಗಿದೆ?”

“ಯಾರಿಗೂ ಇಲ್ಲ!” ಕಲ್ಲಂಗಡಿಗಳೆರಡೂ ಕೆಂಪಗೆ ಮರಳಿ ಬಂದವು. “ಎಂಬತ್ತು ಸಾವಿರದ್ದು ಆಗೋದೇ ಇಲ್ಲ ನನಗೆ! ನನ್ನ ಮಗ ಅಂದ್ರೆ ಮಗ. ಅಪ್ಪನ ಬೆಲೆ ಕಂಡ್ಕೊಂಡಿದಾನೆ!”

ಉಳಿದದ್ದು ವ್ಯಾಪಾರ. ತೊಖ್ತಾಸಿನ್ ಕೈ ಚಾಚಿದ. ಎಲ್ಯೋರ್ ಒಂದು ಸಲ ಟಗರಿನ ಕಡೆ, ಒಂದು ಸಲ ಡಬ್ಬಿಯ ಕಡೆ ನೋಡಿ, ಇನ್ನು ಮುಂದಿನ ಬೆಳಗುಗಳನ್ನೆಲ್ಲ ನೆನೆದವನ ಮುಖದಲ್ಲಿ ಕೈ ಕೊಟ್ಟ. ಹಯಿತ್ ಎರಡರ ಮೇಲೂ ತನ್ನ ಕೈ ಬಿಗಿದ. ಒಮ್ಮೆ ಕುಲುಕಿದ. ಎರಡನೆಯ ಸಲ ಕುಲುಕಿದ. ಕೂಗಲು ಬಾಯಿ ತೆರೆದ.

ಕೈ ಬಿಟ್ಟುಬಿಟ್ಟ.

ಇಬ್ಬರ ಕೈಯನ್ನೂ ಬಿಡಿಸಿಯೇ ಬಿಟ್ಟ. ನಿಶಾನ್‌ನ ಚೀಟಿ ಪುಸ್ತಕ ನೆಲಕ್ಕೆ ಬಿತ್ತು.

“ಹಯಿತ್ ಆಕಾ! ನೀವು... ನೀವೇ ಕೈ ಬಿಟ್ರಾ?”

“ಬಿಟ್ಟೆ ತೊಖ್ತಾಸಿನ್. ಮೂರು ತಲೆಮಾರು ಯಾರೂ ನಂಗೆ ಕುರಿ ಮಾರಬೇಡಿ. ಈ ಮಾಲು ಮಾರೋಕಿಲ್ಲ.” ಅಳಿಯನ ಕಡೆ ತಿರುಗಿದ. “ಆ ಡಬ್ಬೀಲಿ ಎಷ್ಟಿದಾವಯ್ಯ?”

“ಎರಡು, ಮಾವ.”

“ನಿಮ್ಮ ಕೋಣೇಲಿ ಮಲಗೋ ದೊಡ್ಡವರು ಎಷ್ಟು ಜನ?”

“ಇಬ್ಬ—” ಎಲ್ಯೋರ್ ಅರ್ಧಕ್ಕೆ ನಿಂತ. ಹುಬ್ಬಿನ ಹಿಟ್ಟು ಉದುರಿತು. “ಅಯ್ಯೋ,” ಎಂದ.

“ನನಗೂ ಈಗ ತಾನೇ ಗೊತ್ತಾಗಿದ್ದು. ನಡಿ.”

ತೊಖ್ತಾಸಿನ್ ಟಗರಿನ ಹಗ್ಗ ಹಿಡಿದು ಬಾಡಿಹೋದ. ಅವನನ್ನು ಕೊಚ್ಕಾರ್ ಹೆಗಲು ಬಳಸಿ ಪಕ್ಕಕ್ಕೆ ಕರೆದೊಯ್ದ. “ಬೇಜಾರಾಗ್ಬೇಡವೋ. ನಿಮ್ಮನೇಲಿ ಮದುವೆಗೆ ಬಂದವರು ಯಾರಿದಾರೆ?”

“ತಂಗಿ ಮಗಳಿದಾಳೆ. ಶರತ್ಕಾಲಕ್ಕೆ ಮದುವೆ.”

“ಟಗರು ನಂಗೆ ಕೊಡು, ಮದುವೆಗೆ ಬಂದು ಮೂರು ದಿನ ಊದ್ತೀನಿ. ಕೊಚ್ಕಾರ್ ಊದು ಅಂದ್ರೆ ಒಂದು ಟಗರು, ಇವತ್ತಿಂದ ಅದೇ ರೇಟು. ಸಂತೇನೇ ಕಟ್ಟಿದ ಬೆಲೆ.” ತೊಖ್ತಾಸಿನ್‌ಗೆ ಈ ಊದು ತಾನು ಕೇಳಿಯೇ ಇಲ್ಲವಲ್ಲ ಎಂಬುದು ಹೊಳೆಯುವ ಮೊದಲೇ ಕೈ ಕುಲುಕಿಯಾಗಿತ್ತು. ದಲ್ಲಾಳಿಯನ್ನು ಯಾರೂ ಕರೆಯಲಿಲ್ಲ.

ಮಧ್ಯಾಹ್ನ ಬೀಗರಿಬ್ಬರೂ ಎಲ್ಯೋರ್‌ನೊಂದಿಗೆ ಟಗರನ್ನು ಮುಂದೆ ಹೊಡೆದುಕೊಂಡು ಹಯಿತ್‌ನ ಬಾಗಿಲಿಗೆ ಬಂದರು. ಕೂಸಿನ ಅಳು ಮೂರು ಮನೆಯಾಚೆಗೇ ಎದುರುಗೊಂಡಿತ್ತು. ಅದನ್ನು ತೋಳಲ್ಲಿ ತೂಗುತ್ತ ಮುಷ್ತರಿ ಹೊಸ್ತಿಲಲ್ಲಿ ನಿಂತಳು. ಕಣ್ಣಿನ ಸುತ್ತ ನಾಲ್ಕು ದಿನದ ಕಪ್ಪು. ಟಗರನ್ನು ನೋಡಲೂ ಇಲ್ಲ.

ಎಲ್ಯೋರ್ ಮುಂದೆ ಬಂದ. ಡಬ್ಬಿಯ ಮುಚ್ಚಳ ತೆಗೆದ, ಒಂದನ್ನು ಎತ್ತಿ ಅವಳ ಮುಂದೆ ಹಿಡಿದ.

“ಯಾವ ಕಿವೀದು?” ಎಂದಳು.

“ಎಡಗಿವೀದು.”

“ಮಗು ಎಡಗಡೆ ಮಲಗುತ್ತೆ. ಬಲಗಿವೀದು ಕೊಡು.”

ಕೊಟ್ಟ. ಅವಳು ರುಮಾಲು ಸರಿಸಿ ಹಾಕಿಕೊಂಡಳು. ಇನ್ನೊಂದನ್ನು ಅವನು ಹಾಕಿಕೊಂಡ. ಸೊಸೆ ಮನೆಗೆ ಹೊರಟಳೆಂಬ ಸಂಭ್ರಮಕ್ಕೆ ಕೊಚ್ಕಾರ್ ಕರ್ನಾಯ್ ಎತ್ತಿದ. ಅನಾರ್‌ಖಾನ್ “ಬೇಡ ಬೀಗರೇ, ಮಗು—” ಎನ್ನುವಷ್ಟರಲ್ಲಿ ಊದಿದ. ಹೆಂಚು ನಡುಗಿತು. ಪಕ್ಕದ ಮನೆಯಲ್ಲಿದ್ದ ಇವರ ಕೋಳಿಗಳು ಕಿರುಚಿದವು. ಕೂಸು ಅಳು ನಿಲ್ಲಿಸಿತು. ಬಾಯಿ ಅಗಲಿಸಿ ಆಕಳಿಸಿತು. ನಾಲ್ಕು ದಿನದಿಂದ ಹುಡುಕುತ್ತಿದ್ದದ್ದು ಸಿಕ್ಕಿದ ಹಾಗೆ ಮುಷ್ಟಿ ಸಡಿಲಿಸಿ, ತಾಯಿಯ ಹೆಗಲ ಮೇಲೆ ನಿದ್ದೆ ಹೋಯಿತು.

ಗಂಡ ಹೆಂಡತಿ ಪಕ್ಕಪಕ್ಕ ನಿಂತಿದ್ದರು. ಅವನ ಎಡಗಿವಿಗೆ ಬಿರಡೆ, ಅವಳ ಬಲಗಿವಿಗೆ ಬಿರಡೆ. ತೆರೆದ ಕಿವಿಗಳೆರಡೂ ಒಂದಕ್ಕೊಂದು ಎದುರಾಗಿದ್ದವು. ಹಯಿತ್ ಹಿಂದಿನಿಂದ ಬಂದು, ಮರಗಟ್ಟಿದ ಬಲಗೈಯನ್ನು ಎಡಗೈಯಿಂದ ಎತ್ತಿಕೊಂಡು, ಇಬ್ಬರ ಕೈ ಸೇರಿಸಿ ಅದರ ಮೇಲೆ ಇಟ್ಟ. ಎರಡು ತೆರೆದ ಕಿವಿಗಳ ನಡುವೆ ತಲೆ ತೂರಿಸಿದ.

“ಬರಕಾ,” ಎಂದ.

“ಬರಕಾ,” ಎಂದಳು ಮುಷ್ತರಿ.

“ಬರಕಾ. ಆದ್ರೆ ಮೆಲ್ಲಗೆ ಮಾವ,” ಎಂದು ಎಲ್ಯೋರ್ ಪಿಸುಗುಟ್ಟಿದ, “ಮಗು ಎದ್ದೀತು.”

ಪಕ್ಕದಲ್ಲಿ ಕೊಚ್ಕಾರ್ ಕಣ್ಣು ಮುಚ್ಚಿಕೊಂಡು ಊದುತ್ತಲೇ ಇದ್ದ.